ಕಂಡಲ್ಲಿ ಇರದ ಮೀನು

ಹೊಸ ಕನ್ನಡಕ ಬಂದಾಗಿನಿಂದ ನಮ್ಮ ಮನೆಯ ಮೆಟ್ಟಿಲುಗಳು ಇದ್ದಲ್ಲಿ ಇರುತ್ತಿಲ್ಲ. ಮೂರನೆಯದು ಇಲ್ಲೇ ಇದೆಯೆಂದು ಕಾಲಿಟ್ಟರೆ ಅದು ಎರಡು ಬೆರಳು ಕೆಳಗೆ ಸರಿದಿರುತ್ತದೆ. “ಇಷ್ಟು ವರ್ಷ ವಿಜ್ಞಾನ ಕಲಿಸೀರಿ, ಮೆಟ್ಟಲಾ ಗೊತ್ತಾಗವಲ್ದೇನ್ರಿ?” ಎಂದು ಹೆಂಡತಿ ನಗುತ್ತಾಳೆ. ತಪ್ಪು ಬೆಳಕಿನದು ಎಂದರೆ ಅವಳು ನಂಬುವುದಿಲ್ಲ.

ಲೋಕವೆಲ್ಲ ಕಣ್ಣಿನ ಒಳಪರದೆಯ ಮೇಲೆ ತಲೆಕೆಳಗಾಗಿಯೇ ಬೀಳುತ್ತದೆ. ಮಿದುಳು ಅದನ್ನು ನೆಟ್ಟಗೆ ನಿಲ್ಲಿಸಿಕೊಳ್ಳುತ್ತದೆ. ಅಂದರೆ ಶಹಾಪುರದ ಗುಡ್ಡಸಾಲಿನ ಆಕಾರದಲ್ಲಿ ಅಂಗಾತ ಮಲಗಿದಂತೆ ಕಾಣುವ ಬುದ್ಧ ನನ್ನ ಕಣ್ಣೊಳಗೆ ಇಷ್ಟು ವರ್ಷ ಬೋರಲಾಗಿಯೇ ಮಲಗಿದ್ದಾನೆ, ಪಾಪ! ಸಂಜೆಯ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಅವನನ್ನು ನೋಡುತ್ತ ಹೋಗುವಾಗ ಎಚ್ಚರವೂ ಅಲ್ಲದ ನಿದ್ದೆಯೂ ಅಲ್ಲದ ಒಂದು ಮಂಪರು ಕವಿಯುತ್ತದೆ. ಆಗ ಮೆಹಬೂಬ ಮಾಸ್ತರರು ನೆನಪಾಗುತ್ತಾರೆ.

ನಿಜಾಮರ ಕಾಲ ಮುಗಿದು, ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಯಾದಗಿರಿಯ ಶಾಲೆಯಲ್ಲಿ ಅವರು ಹಿರಿಯ ವಿಜ್ಞಾನ ಮಾಸ್ತರರು, ನಾನು ಕಿರಿಯ. ಮೂವತ್ತು ವರ್ಷ ಉರ್ದುವಿನಲ್ಲಿ ಬೆಳಕು, ಸದ್ದು ಕಲಿಸಿದ್ದವರು ಇನ್ನು ಕನ್ನಡದಲ್ಲಿ ಕಲಿಸಬೇಕಿತ್ತು. ಬೆಂಗಳೂರು ಕಡೆಯ ಇನ್ಸ್‌ಪೆಕ್ಟರರು ಪಾಠ ನೋಡಲು ಬರುವವರಿದ್ದರು. ಅವರು ಒಪ್ಪದಿದ್ದರೆ ಮಾಸ್ತರರು ನಿವೃತ್ತಿಗೆ ಮುಂಚೆಯೇ ಮನೆಗೆ ಹೋಗಬೇಕು. ಹೇಗೂ ಹೈದರಾಬಾದಿಗೆ ಹೋಗಿಬಿಡುತ್ತಾರೆ ಎಂದು ಊರು ಮಾತಾಡುತ್ತಿತ್ತು. ಹೋದರೆ ಮೇಲಿನ ತರಗತಿ ನನ್ನದು. ಒಳಗೊಳಗೇ ಆಸೆಯಿತ್ತು, ಸುಳ್ಳೇಕೆ ಹೇಳಲಿ?

ಆದರೂ ಅವರಿಗೆ ಕನ್ನಡ ಕಲಿಸಲು ಹೊರಟವನು ನಾನೇ. ಬಜಾರಿನಲ್ಲಿ, ಹೊಲದಲ್ಲಿ ನಮಗಿಂತ ಚೆನ್ನಾಗಿ ಮಾತಾಡುವ ಮನುಷ್ಯನಿಗೆ ‘ವಕ್ರೀಭವನ’, ‘ಪ್ರತಿಫಲನ’ ಎಂದು ಬಾಯಿಪಾಠ ಮಾಡಿಸಿದೆ. ಮೂರು ವಾರದಲ್ಲಿ ಅವರ ಇದ್ದ ಕನ್ನಡವೂ ತೊದಲತೊಡಗಿತು.

ಇನ್ಸ್‌ಪೆಕ್ಟರರು ಬರುವ ಹಿಂದಿನ ಸಂಜೆ ಇಬ್ಬರೂ ಸೈಕಲ್ ತಳ್ಳಿಕೊಂಡು ಭೀಮಾ ದಂಡೆಗೆ ಹೋದೆವು. ಬೇಸಿಗೆಯ ನೀರು ತಿಳಿಯಾಗಿ, ಅಲೆಗಳ ನೆರಳು ಮರಳ ಮೇಲೆ ಆಡುತ್ತಿತ್ತು. ಅಂಬಿಗರ ಸಾಬಣ್ಣ ಬಂಡೆಯ ಮೇಲೆ ನಿಂತು ಚೂಪುಗೋಲಿನಿಂದ ಮೀನು ಹೊಡೆಯುತ್ತಿದ್ದ. ಮಾಸ್ತರರು ಗೋಲು ಇಸಿದುಕೊಂಡು ಹೊಡೆದರು, ತಪ್ಪಿತು. ನಾನು ಹೊಡೆದೆ, ನನ್ನದೂ ತಪ್ಪಿತು. ಊರಿಗೆಲ್ಲ ಬೆಳಕಿನ ಪಾಠ ಹೇಳುವ ಇಬ್ಬರು ಪಂಡಿತರು!

ಸಾಬಣ್ಣ ನಕ್ಕ. “ಕಂಡಲ್ಲಿ ಹೊಡಿಬ್ಯಾಡ್ರಿ ಮಾಸ್ತರ್, ತುಸು ಕೆಳಗ ಹೊಡೀರಿ. ಕಾಣಾ ಮೀನಕ್ಕಿಂತ ಇರಾ ಮೀನ ಆಳದಾಗ ಇರತದ.”

ಮಾಸ್ತರರು ಬಗ್ಗಿ ದಂಡೆಯ ಒಂದು ಬಿಳಿ ಕಲ್ಲು ಎತ್ತಿ ಜೇಬಿಗೆ ಹಾಕಿಕೊಂಡರು.

ಮರುದಿನ ತರಗತಿಯಲ್ಲಿ ‘ವಕ್ರೀ’ ಎಂದವರೇ ನಿಂತುಬಿಟ್ಟರು. ಇನ್ಸ್‌ಪೆಕ್ಟರರು ಪೆನ್ನಿನ ಮುಚ್ಚಳ ತೆಗೆದರು. ನನಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು. ಅಷ್ಟರಲ್ಲಿ ಮಾಸ್ತರರು ಎಲ್ಲರನ್ನೂ ಅಂಗಳದ ಕಲ್ಲುಬಾನಿಯ ಬಳಿಗೆ ಕರೆದುಕೊಂಡು ಹೋಗಿ, ತುಂಬಿದ ನೀರಿಗೆ ಒಂದು ಬಿಳಿ ಕಲ್ಲು ಹಾಕಿದರು.

“ಸಾಹೇಬ್ರ, ನಿಮ್ಮ ಬಡಿಗಿ ಓರೆ ಹಿಡಿದು ಈ ಕಲ್ಲಿಗೆ ಚುಚ್ಚರಿ.”

ಸಾಹೇಬರು ಕೈಯಲ್ಲಿದ್ದ ಬೆತ್ತವನ್ನು ಓರೆ ಹಿಡಿದು, ಗುರಿಯಿಟ್ಟು ಚುಚ್ಚಿದರು. ಬೆತ್ತದ ತುದಿ ಕಲ್ಲಿನಾಚೆ ತಳಕ್ಕೆ ತಾಗಿತು. ಮತ್ತೊಮ್ಮೆಯೂ ಹಾಗೆಯೇ ಆಯಿತು.

“ಬೆಳಕು ನೀರಾಗಿಂದ ಹೊರಗ ಬರೋಮುಂದ ಬಾಗತದ್ರಿ. ಕಣ್ಣಿಗಿ ಅದು ತಿಳಿಯಲ್ಲ. ಸೀದಾ ಬಂದದಂತ ನಂಬತದ. ಅದಕ್ಕ ಕಲ್ಲು ಮ್ಯಾಲ ಕಾಣತದ.”

ಸಾಹೇಬರು ನಗುತ್ತ, “ಈಗ ಅರ್ಥವಾಯಿತು ಮೇಷ್ಟ್ರೇ, ಮುಂದುವರಿಸಿ” ಎಂದರು. ನನ್ನ ಕಣ್ಣು ತುಂಬಿ ಬಂತು. ಅದರಲ್ಲಿ ಸಂತೋಷವೆಷ್ಟು, ಕಳೆದುಕೊಂಡ ತರಗತಿಯ ದುಃಖವೆಷ್ಟು ಎಂದು ಇಂದಿಗೂ ಹೇಳಲಾರೆ.

ಸಂಜೆ ಮಾಸ್ತರರು ನನ್ನ ಹೆಗಲ ಮೇಲೆ ಕೈಯಿಟ್ಟು ಕೇಳಿದರು: “ನಾ ಊರು ಬಿಟ್ಟು ಹೋಗತೀನಂತ ತಿಳದಿದ್ದಿ, ಹೌದಿಲ್ಲೋ ತಮ್ಮಾ?”

“ಹೌದ್ರಿ” ಎಂದೆ.

“ತುಸು ಕೆಳಗ ನೋಡಬೇಕಿತ್ತು” ಎಂದರು.

ಅವರು ಎಲ್ಲಿಗೂ ಹೋಗಲಿಲ್ಲ. ಈಗಲೂ ಯಾದಗಿರಿಯ ಮಣ್ಣಿನಲ್ಲಿಯೇ ಇದ್ದಾರೆ. ನಾನು ಮಾತ್ರ ದಿನಾ ಮೂರನೇ ಮೆಟ್ಟಿಲಿನಲ್ಲಿ ತಡೆದು, ಕಂಡದ್ದಕ್ಕಿಂತ ತುಸು ಕೆಳಗೆ ಕಾಲಿಡುತ್ತೇನೆ.