ಒಂದನ್ನೊಂದು ಮುಚ್ಚಿಕೊಂಡ ಎರಡು ತಪ್ಪು

"ಅತ್ತೆ, ರಟ್ಟು ಕತ್ತರಿಸೋ ಯಂತ್ರಕ್ಕೆ ಇರೋದು ಒಂದೇ ನಿಯಮ. ಮುಂದಿನ ಬಾಗಿಲು ಮುಚ್ಚಿರಬೇಕು, ಮತ್ತು ಕಾಲಿನ ಪೆಡಲ್ ಒತ್ತಿರಬೇಕು. ಆಗ ಮಾತ್ರ ಕತ್ತಿ ಇಳೀಬೇಕು. ಇಂಥ ನಿಯಮನ ಕಂಪ್ಯೂಟರಿನಲ್ಲಿ ಬರೆಯೋವಾಗ ಆಗೋ ತಪ್ಪುಗಳನ್ನ, ಪರೀಕ್ಷೆ ಮಾಡೋ ನಾವು ಬಗೆಬಗೆಯಾಗಿ ವಿಂಗಡಿಸ್ತೀವಿ. 'ಮತ್ತು' ಇರೋ ಕಡೆ 'ಅಥವಾ' ಬೀಳೋದು ಒಂದು ಬಗೆ. ಒಂದು ಷರತ್ತು ಬಿಟ್ಟುಹೋಗೋದು ಇನ್ನೊಂದು. ಬೇಡದ್ದು ಸೇರ್ಕೊಳ್ಳೋದು ಮತ್ತೊಂದು. ಸಣ್ಣ ಕಣ್ಣಿನ ಜರಡಿ ಹಿಡಿದ್ರೆ ದಪ್ಪ ಕಲ್ಲಿಗೆ ಬೇರೆ ಜರಡಿ ಬೇಡವಲ್ಲ, ಹಾಗೆ ಕೆಲವು ಪರೀಕ್ಷೆ ಮಾಡಿದ್ರೆ ಉಳಿದವು ಬೇಡ. ಅದನ್ನ ನಂಬಿ ಒಂದು ಪರೀಕ್ಷೆ ತೆಗೆದುಹಾಕಿದೆ. ಆ ನಂಬಿಕೆ ನಿಲ್ಲೋದು ನಿಯಮದಲ್ಲಿ ಒಂದೇ ತಪ್ಪಿದ್ದಾಗ. ಇಲ್ಲಿ ಎರಡಿತ್ತು. ಬಾಗಿಲಿನ ಷರತ್ತು ಬಿಟ್ಟುಹೋಗಿತ್ತು. ಯಂತ್ರ ಬಿಸಿಯಾಗಿರಬೇಕು ಅನ್ನೋ ಬೇಡದ ಷರತ್ತು ಸೇರಿತ್ತು. ನಾನು ಬಾಗಿಲು ತೆರೆದು, ತಣ್ಣಗಿದ್ದ ಯಂತ್ರದ ಪೆಡಲ್ ಒತ್ತಿಸಿದೆ. ಕತ್ತಿ ಇಳೀಲಿಲ್ಲ. ಬಾಗಿಲು ತಡೀತು ಅಂದ್ಕೊಂಡೆ. ತಡೆದದ್ದು ತಣ್ಣಗಿದ್ದ ಯಂತ್ರ. ತೆಗೆದುಹಾಕಿದ ಆ ಪರೀಕ್ಷೆ ಮಾಡಿದ್ರೆ ಗೊತ್ತಾಗ್ತಿತ್ತು."

ನನ್ನ ಸೊಸೆ ಇಷ್ಟು ಹೇಳಿ ಗೋಡೆ ನೋಡುತ್ತಾ ಕುಳಿತಳು. ಆ ಯಂತ್ರ ಬಳಸುವ ಕಾರ್ಖಾನೆಯಲ್ಲಿ ಅದು ಅಂದು ಮಧ್ಯಾಹ್ನದ ಹೊತ್ತಿಗೆ ಬಿಸಿಯಾಗಿತ್ತು. ಸಿಕ್ಕಿಕೊಂಡ ರಟ್ಟು ಬಿಡಿಸಲು ಒಬ್ಬಾತ ಬಾಗಿಲು ತೆರೆದು ಕೈ ಹಾಕಿದ್ದ. ಕಾಲು ಪೆಡಲಿಗೆ ತಾಗಿತು. ಮೂರು ಬೆರಳು ಹೋದವು.

ಅಕ್ಷರ ಕೂಡಿಸಿ ಓದುವಷ್ಟೇ ನನ್ನ ವಿದ್ಯೆ. ಆದರೂ ಅವಳ ಕೆಲಸ ನನಗೆ ಗೊತ್ತು. ತರಕಾರಿ ಹೆಚ್ಚುತ್ತಾ ದಿನವೂ ಹೇಳುತ್ತಿದ್ದಳು. ಮನೆಯಲ್ಲೂ ಅದೇ ವಿಂಗಡಣೆ. "ಅತ್ತೆ, ಸಾರಿಗೆ ಉಪ್ಪಿಲ್ಲ. ಬಿಟ್ಟುಹೋಗೋ ಬಗೆ."

"ನಿನ್ನ ಗಂಡನ ಕಾಲುಚೀಲ ಊಟದ ಮೇಜಿನ ಮೇಲಿದೆಯಲ್ಲ, ಅದು?"

"ಬೇಡದ್ದು ಸೇರೋ ಬಗೆ. ಅದನ್ನ ಹೆತ್ತೋರೇ ತಿದ್ದಬೇಕಿತ್ತು!"

ಅವತ್ತು ಹೆಚ್ಚಬೇಕಿದ್ದ ತರಕಾರಿ ಹಾಗೇ ಉಳಿಯಿತು.

ಮಾರನೆಯ ದಿನ ಅವಳ ಮೇಲಧಿಕಾರಿ ಮನೆಗೇ ಬಂದ. ನಾನು ನೀರು ಕೊಟ್ಟು ಬಾಗಿಲ ಪಕ್ಕ ನಿಂತೆ.

"ವರದಿಯಲ್ಲಿ ಯಾವ ಬಗೆ ಅಂತ ಬರೀತೀರಿ, ಮೇಡಂ?" ಎಂದ.

"ಎರಡು ಬಗೆ, ಸರ್. ಎರಡೂ ನಮ್ಮವೇ. ಹಿಡಿಯದೆ ಹೋದದ್ದು ನಾನು."

"ಬಾಗಿಲು ತೆರೆದವನು ಅವನು. ಪೆಡಲ್ ತುಳಿದವನೂ ಅವನೇ. ಬಳಸಿದವನ ತಪ್ಪು ಅಂತ ಬರೀರಿ."

"ಹಾಗೆ ಬರೆದ್ರೆ ಅವನ ಕೆಲಸ ಹೋಗುತ್ತೆ."

"ಬೆರಳಿಲ್ಲದವನಿಗೆ ಅಲ್ಲೇನು ಕೆಲಸ?"

ನನಗೆ ತಡೆಯಲಾಗಲಿಲ್ಲ. "ಅಪ್ಪಾ, ಬೆರಳು ಕಳ್ಕೊಂಡವನಿಗೆ ಕಳಂಕವನ್ನೂ ಹಚ್ತೀಯಾ?" ಎಂದೆ. ಅವನು ನೀರಿನ ಲೋಟ ಕೆಳಗಿಟ್ಟು ಎದ್ದ.

ಅವಳು ಹಾಗೆ ಬರೆಯಲಿಲ್ಲ. ಕಚೇರಿಯಲ್ಲಿ ಅವಳ ಪಕ್ಕದ ಮೇಜಿನವನು ಬರೆದ. ಬೆರಳು ಹೋದ ಕೆಲಸಗಾರನನ್ನು ಅಜಾಗರೂಕನೆಂದು ಕಾರ್ಖಾನೆ ಹೊರಗಟ್ಟಿತು. ಸತ್ಯ ಹೇಳಲು ಅವಳು ಆತನ ಮನೆಗೇ ಹೋದಳು. ಬ್ಯಾಂಡೇಜು ಸುತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಆತ, "ಇಲ್ಲ ಬಿಡಮ್ಮ, ಎಲ್ಲರೂ ಹೇಳ್ತಿದ್ದಾರೆ, ನಂದೇ ತಪ್ಪು. ನೀನ್ಯಾಕೆ ಅಳ್ತೀಯಾ?" ಎಂದನಂತೆ. ಎಷ್ಟು ಬಿಡಿಸಿ ಹೇಳಿದರೂ ಆತ ನಂಬಲಿಲ್ಲ.

"ಅವನೂ ಅವರ ವರದಿಯನ್ನೇ ನಂಬಿದ, ಅತ್ತೆ," ಎಂದಳು ಬಂದು.

ಯಾವ ಸಮಾಧಾನ ಹೇಳಿದ್ದರೂ ಸುಳ್ಳಾಗುತ್ತಿತ್ತು. ಅವಳು ಮತ್ತೆ ಆ ಕಚೇರಿಯ ಮೆಟ್ಟಿಲು ಹತ್ತಲಿಲ್ಲ. ಬೇರೆ ಕಡೆಯಿಂದ ಕೆಲಸಕ್ಕೆ ಕರೆ ಬಂದರೆ ಫೋನು ಬೋರಲು ಹಾಕುತ್ತಾಳೆ.

ಇವತ್ತು ಒಣಗಿದ ಬಟ್ಟೆ ತಂದು ಹಾಸಿಗೆಯ ಮೇಲೆ ಸುರಿದೆ. ಅವಳು ಬಂದು ಆ ತುದಿಯಲ್ಲಿ ನಿಂತಳು. ಹೊದಿಕೆಯ ಎರಡು ಮೂಲೆ ನಾನು ಹಿಡಿದೆ, ಎರಡು ಅವಳು. ಒಮ್ಮೆ ಒದರಿ, ಮಡಿಚಿ, ಪಕ್ಕಕ್ಕಿಟ್ಟು ಇನ್ನೊಂದಕ್ಕೆ ಕೈ ಹಾಕಿದೆವು.