ಪೈಲ್ವಾನಳ ತಟ್ಟೆಗೆ ಬಿದ್ದ ಎಣ್ಣೆ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನನಗೆ ಎರಡೂ ಬಾರದು. ಸಕ್ಕರೆ ಕಾಯಿಲೆಯೂ ಇದೆ, ಕಟ್ಟಡದ ಅರ್ಧ ಜನರೊಂದಿಗೆ ಜಗಳವೂ ಇದೆ. ಮೇಲಿನ ಮನೆಯ ಹುಡುಗಿ ನನಗೆ ತದ್ವಿರುದ್ಧ. ತಟ್ಟೆಗೆ ಬೀಳುವುದನ್ನೆಲ್ಲ ತೂಗಿ ತಿನ್ನುತ್ತಾಳೆ, ಮಾತನ್ನಂತೂ ಆಡುವುದೇ ಅಪರೂಪ. ಹುಡುಗಿ ಎಂದೆ, ಮೂವತ್ತು ದಾಟಿದೆ. ಬೀದಿಯವರ ಬಾಯಲ್ಲಿ ಅವಳು ಪೈಲ್ವಾನ್. ಮೊದಲು ಬೆನ್ನ ಹಿಂದೆ ಹಾಗೆ ಕರೆಯುತ್ತಿದ್ದರು. ತುಂಬಿದ ಗ್ಯಾಸ್ ಸಿಲಿಂಡರನ್ನು ಹೆಗಲ ಮೇಲಿಟ್ಟುಕೊಂಡು ಅವಳೊಬ್ಬಳೇ ಮಹಡಿ ಹತ್ತಿದ್ದನ್ನು ನೋಡಿದ ಮೇಲೆ ಎದುರಿಗೇ ಕರೆಯತೊಡಗಿದರು. ಅದಕ್ಕೆ ಅವಳಿಗೆ ಸಿಟ್ಟೂ ಇಲ್ಲ, ಸಂತೋಷವೂ ಇಲ್ಲ.

ನಾವಿಬ್ಬರೂ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸಕ್ಕಿದ್ದೇವೆ. ನೆಲಮಾಳಿಗೆ, ಕಿಟಕಿಯಿಲ್ಲ, ಸದಾ ಸೋಪಿನ ಹಬೆ. ಒಗೆದ ಬೆಡ್‌ಶೀಟುಗಳು ಬಿಸಿ ಉರುಳೆಯ ಕೆಳಗೆ ಹಾದು ಗರಿಗರಿಯಾಗಿ ಹೊರಬೀಳುತ್ತವೆ. ಒಂದು ತುದಿ ಅವಳು, ಇನ್ನೊಂದು ತುದಿ ನಾನು ಹಿಡಿದು ಮಡಿಸುತ್ತ ಹತ್ತಿರ ಬರುತ್ತೇವೆ, ಮತ್ತೆ ದೂರ ಸರಿಯುತ್ತೇವೆ. ಅವಳ ಮುಖವನ್ನು ದಿನವಿಡೀ ನನ್ನಷ್ಟು ಹತ್ತಿರದಿಂದ ನೋಡುವವರು ಯಾರೂ ಇಲ್ಲ. ಹಾಗಾಗಿ ಧೈರ್ಯವಾಗಿ ಹೇಳುತ್ತೇನೆ: ಅವಳ ತಮ್ಮ ಸತ್ತ ಮೇಲೆ ಆ ಮುಖದಲ್ಲಿ ಏನೂ ಇರಲಿಲ್ಲ.

ಅವನು ಬೈಕಿನಲ್ಲಿ ಹೋಗುತ್ತಿದ್ದಾಗ ಲಾರಿಗೆ ಸಿಕ್ಕಿ ತೀರಿಕೊಂಡ. ಅವರಮ್ಮ ಎರಡು ಕಡೆ ದುಡಿಯುತ್ತಿದ್ದ ಕಾಲದಲ್ಲಿ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಇವಳೇ. ಬಂದವರೆಲ್ಲ ಅತ್ತರು, ನಾನಂತೂ ಗಂಟಲು ಕಟ್ಟುವಷ್ಟು ಅತ್ತೆ. ಅವಳು ಬಂದವರಿಗೆ ಕುರ್ಚಿ ಹಾಕುತ್ತಿದ್ದಳು. ಕೆಲಸಕ್ಕೆ ಮರಳಿದ ಮೇಲೆ ಒಂದು ದಿನ ಅವಳ ಮುಂಗೈ ಉರುಳೆಗೆ ತಾಗಿತು. ಚರ್ಮ ಸುಟ್ಟ ವಾಸನೆ ನನ್ನ ಮೂಗಿಗೆ ಬಡಿಯಿತು, ಅವಳಿಗೆ ಗೊತ್ತೇ ಆಗಲಿಲ್ಲ. "ಅಯ್ಯೋ, ಕೈ ತೆಗಿಯೇ!" ಎಂದು ಕಿರುಚಿದೆ. ಕೈ ತಿರುಗಿಸಿ ನೋಡಿ, "ಸುಟ್ಟಿದೆ," ಎಂದಳು. ಇನ್ಯಾರದೋ ಕೈ ನೋಡಿ ಹೇಳಿದಂತಿತ್ತು. ಅಂದು ನನಗೆ ನಿಜಕ್ಕೂ ಭಯವಾಯಿತು.

ತಮ್ಮ ಹೋಗುತ್ತಿದ್ದ ಜಿಮ್ಮಿನಲ್ಲಿ ಅವನ ಶೂ, ಟವೆಲ್ಲು ಉಳಿದಿದ್ದವು. ತರಲು ಹೋದಳು. ಅಲ್ಲಿನ ಕೋಚ್ ಬಾಗಿಲಿನಷ್ಟು ಅಗಲದ ಮನುಷ್ಯ, ಮಾತಿಗೆ ಮಾತ್ರ ತಡವರಿಸುತ್ತಾನೆ. ಸಮಾಧಾನ ಹೇಳಲು ತೋಚದೆ, "ಬಂದಿದ್ದೀರಲ್ಲ, ಈ ಕಬ್ಬಿಣದ ಬಾರ್ ಒಂದ್ಸಲ ಎತ್ತಿ ನೋಡ್ತೀರಾ?" ಎಂದನಂತೆ. ಸಾವಾದ ಮನೆಯವರಿಗೆ ಹೇಳುವ ಮಾತೇ ಅದು? ನಾನಾಗಿದ್ದರೆ ಅವನ ಜನ್ಮ ಜಾಲಾಡಿಬಿಡುತ್ತಿದ್ದೆ. ಇವಳು ಎತ್ತಿದಳು. ಮರುದಿನ ಶೀಟು ಮಡಿಸುತ್ತ ಹತ್ತಿರ ಬಂದಾಗ, "ಚಿಕ್ಕಮ್ಮ, ತೋಳು ನೋಯ್ತಿದೆ," ಎಂದಳು. ನೋವನ್ನು ಯಾರೂ ಅಷ್ಟು ಆಸೆಯಿಂದ ಹೇಳಿದ್ದನ್ನು ನಾನು ಕೇಳಿಲ್ಲ. ಆಮೇಲೆ ಒಂದು ಸಂಜೆಯನ್ನೂ ತಪ್ಪಿಸಲಿಲ್ಲ. ಅವಳಿಗೆ ಏನಾದರೂ ತಾಗುತ್ತದೆ ಎಂದಿದ್ದರೆ ಅದು ಅಲ್ಲಿ, ಆ ಕಬ್ಬಿಣದ ಕೆಳಗೆ ಮಾತ್ರ.

ಸ್ನಾಯು ಬೆಳೆಯಬೇಕಾದರೆ ಊಟ ನೆಟ್ಟಗಿರಬೇಕು ಎಂದ ಕೋಚ್. ಅವನು ಹೇಳಿಕೊಟ್ಟಿದ್ದನ್ನು ಅವಳು ನನಗೆ ಹೇಳಿದಳು. "ಪ್ರೋಟೀನ್ ಅಂದ್ರೆ ಇಟ್ಟಿಗೆ ಚಿಕ್ಕಮ್ಮ. ಅನ್ನ, ಆಲೂಗಡ್ಡೆ ಕೂಲಿಯವನ ಊಟ. ಇಟ್ಟಿಗೆ ರಾಶಿ ಹಾಕಿ ಕೂಲಿಯವನನ್ನ ಉಪವಾಸ ಕೆಡವಿದ್ರೆ ಗೋಡೆ ಯಾರು ಕಟ್ತಾರೆ?"

"ಮತ್ತೆ ಕೊಬ್ಬು?"

"ಅದು ಮೇಸ್ತ್ರಿ. ಸುಮ್ಮನೆ ಕೂತ ಹಾಗೆ ಕಾಣ್ತಾನೆ, ಅವನಿಲ್ಲದೆ ಕೆಲಸ ನಡೆಯಲ್ಲ. ಆದ್ರೆ ಮೇಸ್ತ್ರಿಗಳೇ ತುಂಬಿಕೊಂಡ್ರೂ ಕಷ್ಟ."

ನನ್ನ ಮೈಯಲ್ಲಿ ಬರೀ ಮೇಸ್ತ್ರಿಗಳೇ ಇದ್ದಾರೆ ಎಂದೆ. ನಗಲಿಲ್ಲ. ನಗುವುದು ಬೇಡ, ತುಟಿಯಾದರೂ ಅಲುಗಬೇಡವೇ?

ಕೋಳಿ, ಕಾಳು, ಅಕ್ಕಿ, ಆಲೂಗಡ್ಡೆ, ಎಲ್ಲವನ್ನೂ ಹಸಿಯಾಗಿರುವಾಗಲೇ ಸಣ್ಣ ತಕ್ಕಡಿಯಲ್ಲಿ ತೂಗಿ ಡಬ್ಬಿಗಳಲ್ಲಿಟ್ಟು, ಒಂದು ಚಮಚ ಎಣ್ಣೆಯನ್ನು ಬಟ್ಟಲಿಗೆ ಸುರಿದು ಜಿಮ್ಮಿಗೆ ಹೋಗುವಳು. ಬೇಯಿಸುವುದು ಅವರಮ್ಮ. ಬೇಯಿಸಿದ್ದನ್ನು ಮತ್ತೆ ತೂಗಿದರೆ ನೀರು ಸೇರಿ ಲೆಕ್ಕ ಕೆಡುತ್ತದೆ ಎಂದು ಆಮೇಲೆ ತಕ್ಕಡಿ ಮುಟ್ಟುತ್ತಿರಲಿಲ್ಲ.

ಕೆಲವು ತಿಂಗಳು ಚೆನ್ನಾಗಿಯೇ ನಡೆಯಿತು. ಆಮೇಲೆ ಅವಳ ತೂಕ ಬೇಕಾದ್ದಕ್ಕಿಂತ ಬೇಗ ಏರತೊಡಗಿತು. ಸೊಂಟ ದಪ್ಪವಾಯಿತು. ಕೋಚ್ ತಲೆ ಕೆರೆದುಕೊಂಡ. ಅವಳು ಆಲೂಗಡ್ಡೆ ಕಡಿಮೆ ಮಾಡಿದಳು. ಆದರೂ ಏರಿತು. ಅನ್ನ ಅರ್ಧಕ್ಕೆ ಇಳಿಸಿದಳು. ಶೀಟು ಮಡಿಸುವಾಗ ಅವಳ ಕಡೆಯ ತುದಿ ಜೋತುಬೀಳುತ್ತಿತ್ತು, ಕಣ್ಣು ಕತ್ತಲಿಟ್ಟು ಕಂಬ ಹಿಡಿದು ನಿಲ್ಲುತ್ತಿದ್ದಳು.

ಒಂದು ರಜೆಯ ದಿನ ಸಕ್ಕರೆ ಸಾಲ ಕೇಳುವ ನೆಪದಲ್ಲಿ ಮೇಲೆ ಹೋದೆ. ಸಕ್ಕರೆ ನನಗೆ ಯಾಕೆ ಎಂದು ಕೇಳಬೇಡಿ. ಅವರಮ್ಮ ಬೇಯಿಸಿದ ಆಲೂಗಡ್ಡೆಯನ್ನು ಹಿಚುಕಿ, ಅದಕ್ಕೆ ಬಾಟಲಿಯಿಂದಲೇ ಎಣ್ಣೆ ಸುರಿಯುತ್ತಿದ್ದರು. ಚಮಚವಲ್ಲ, ಧಾರೆ.

"ಅಕ್ಕ, ಇದೇನು ಮಾಡ್ತಿದ್ದೀರಿ! ಅವಳು ತೂಗಿ ಇಟ್ಟು ಹೋಗಿಲ್ವಾ?"

ಅವರು ಬೆಚ್ಚಿದರು. ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಒಣಗಿ ಹೋಗಿದ್ದಾಳೆ ಕಣೇ. ಮೈಯಲ್ಲಿ ಪಸೆ ಇದ್ರೆ ತಾನೇ ಕಣ್ಣಲ್ಲಿ ನೀರು? ಒಂದ್ಸಲ ಅತ್ತುಬಿಡಲಿ, ಸಾಕು. ಒಬ್ಬನ್ನ ಕಳ್ಕೊಂಡಿದ್ದೀನಿ, ಇವಳನ್ನೂ ಕಳ್ಕೊಳ್ಳೋಕಾಗಲ್ಲ."

"ಅವಳಿಗೆ ಗೊತ್ತಾಗಲ್ವಾ?"

"ನಾಲಿಗೆಗೆ ಉಪ್ಪು ಗೊತ್ತಾಗಲ್ಲ, ಎಣ್ಣೆ ಗೊತ್ತಾಗುತ್ತಾ?"

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವುದು ಇದಕ್ಕೇ. ಅಮ್ಮ ಸುರಿದಷ್ಟೂ ಮಗಳು ಅನ್ನ ಬಿಡುತ್ತಿದ್ದಳು, ಮಗಳು ಬಾಡಿದಷ್ಟೂ ಅಮ್ಮ ಎಣ್ಣೆ ಸುರಿಯುತ್ತಿದ್ದರು. ಅವಳಿಗೆ ನೀವೇ ಹೇಳಿ, ಇವತ್ತೇ ಹೇಳಿ ಎಂದು ಅವರನ್ನು ಗದರಿಸಿದೆ. ಅವರು ಬಾಟಲಿಯ ಮುಚ್ಚಳ ತಿರುಗಿಸುತ್ತ ಕೂತರು. ಎದ್ದು ಹೋಗಲು ನನಗೂ ಮನಸ್ಸಾಗಲಿಲ್ಲ.

ಅಷ್ಟರಲ್ಲಿ ಅವಳು ಬಂದಳು. ಚೀಲವನ್ನು ಗೋಡೆಗೊರಗಿಸಿ, ಶೂ ಬಿಚ್ಚದೆ ನೆಲದ ಮೇಲೆ ಕುಳಿತಳು.

"ಏನಾಯ್ತೇ?" ಎಂದೆ.

"ಬಾರ್ ಎದ್ದೇಳಲಿಲ್ಲ ಚಿಕ್ಕಮ್ಮ. ಮೊನ್ನೆ ಎತ್ತಿದ್ದೇ ಅದು. ಅಲ್ಲೇ ಬಿಟ್ಟುಬಿಟ್ಟೆ." ಅಂಗೈಗಳನ್ನು ನೋಡಿಕೊಂಡಳು. "ನೋವೂ ಆಗಲಿಲ್ಲ. ಅಲ್ಲೂ ಏನೂ ಇಲ್ಲ ಈಗ."

ಅಷ್ಟು ಸಾಕಾಯಿತು ಅವರಮ್ಮನಿಗೆ. ಬಾಟಲಿಯನ್ನು ತಂದು ಮಗಳ ಮುಂದಿಟ್ಟರು. "ನಾನು ಹಾಕ್ತಿದ್ದೆ ಕಣೇ. ದಿನಾ. ನೀನು ಇಟ್ಟು ಹೋದ ಮೇಲೆ."

ಅವಳು ಬಾಟಲಿಯನ್ನು ನೋಡಿದಳು. ಕೂಗಾಡುತ್ತಾಳೆ ಎಂದುಕೊಂಡೆ. ಕೂಗಾಡಲಿ ಎಂದೇ ನನ್ನ ಆಸೆ.

"ಎಷ್ಟು ಹಾಕ್ತಿದ್ದೆ?"

ಅಮ್ಮ ಕೈಯಲ್ಲಿ ಅಂದಾಜು ತೋರಿಸಿದರು. ಅವಳು ಕಣ್ಣು ಮುಚ್ಚಿ ಮನಸ್ಸಿನಲ್ಲೇ ಕೂಡಿಸಿದಳು. "ಸರಿ. ಹಾಗಾದ್ರೆ ತಪ್ಪು ಅನ್ನದ್ದಲ್ಲ. ನಾಳೆಯಿಂದ ಅನ್ನ ಪೂರ್ತಿ ತಿನ್ನಬಹುದು. ಬಾರ್ ಏಳುತ್ತೆ." ಬಾಟಲಿಯನ್ನು ಪಕ್ಕಕ್ಕೆ ಸರಿಸಿ ಕೇಳಿದಳು, "ಯಾಕಮ್ಮ ಹಾಕಿದ್ದು?"

"ನಿನಗೆ ಅಳು ಬರಲಿ ಅಂತ."

ಹೇಳಿದ್ದೇ ತಡ, ಅವರಿಗೇ ಅಳು ಒತ್ತರಿಸಿ ಬಂತು. ಮಗನ ಹೆಸರು ಹಿಡಿದು ಕೂಗಿದರು. ಇಷ್ಟು ದಿನ ಮಗಳಿಗೇನಾಗುತ್ತದೋ ಎಂದು ಹೆದರಿ ಅವರೂ ತಡೆದಿಟ್ಟುಕೊಂಡಿದ್ದರು ಎಂದು ನನಗೆ ಆಗ ಹೊಳೆಯಿತು. ನನಗೂ ತಡೆಯಲಾಗಲಿಲ್ಲ, ಸೆರಗು ಬಾಯಿಗೊತ್ತಿಕೊಂಡೆ.

ಅವಳು ಎದ್ದಳು. ಕೈ ತೊಳೆದು ಒರೆಸಿಕೊಂಡು ಬಂದು, ಅಮ್ಮನನ್ನು ಆ ದಪ್ಪ ತೋಳುಗಳಲ್ಲಿ ತಬ್ಬಿಕೊಂಡಳು. ಕಣ್ಣು ಒಣಗಿಯೇ ಇತ್ತು. ಬೆನ್ನು ಸವರುತ್ತ, ಶೀಟು ಮಡಿಸುವಾಗ ಮಾತಾಡುವ ಅದೇ ದನಿಯಲ್ಲಿ ಹೇಳಿದಳು:

"ಅಳಮ್ಮ. ನನ್ನ ಪಾಲಿಂದೂ ನೀನೇ ಅಳು."