ಆಂಡರ್ಸನ್‌ಪೇಟೆಯ ಹುಲಿ

ಟ್ರಂಕಿನ ತಳದಿಂದ ನನ್ನ ಧಾರೆಯ ರವಿಕೆ ತೆಗೆದಾಗ ಮೊದಲು ಮೂಗಿಗೆ ಬಡಿದದ್ದು ನುಸಿಗುಳಿಗೆ. ಅದರ ಹಿಂದೆಯೇ ತೆಳ್ಳಗೆ ಸೀಮೆಎಣ್ಣೆ… ಇಷ್ಟು ವರ್ಷದ ಮೇಲೆ ಅದು ನನ್ನ ಭ್ರಮೆಯೂ ಇರಬಹುದು. ಎಡತೋಳಿನ ಒಳಮಡಿಕೆಯಲ್ಲಿರುವ ಹಳದಿ ಬೆರಳಿನ ಗುರುತು ಮಾತ್ರ ಭ್ರಮೆಯಲ್ಲ. ನೋಡಿದೊಡನೆ ಹಳೆಯ ಸಿಟ್ಟು ನೆತ್ತಿಗೇರಿತು.

ಆ ಗುರುತು ಒಂದು ಹುಲಿಯದು. ಅರವತ್ತರ ದಶಕದಲ್ಲಿ ಆಂಡರ್ಸನ್‌ಪೇಟೆಯಲ್ಲಿ ವಾಸವಾಗಿದ್ದ ಹುಲಿ. ವರ್ಷದ ಹನ್ನೊಂದು ತಿಂಗಳು ಅದು ಟೈಲರ್ ಅಂಗಡಿಯೆಂಬ ಗುಹೆ ಬಿಟ್ಟು ಅಲುಗುತ್ತಿರಲಿಲ್ಲ. ಕೊರಳಲ್ಲಿ ಟೇಪು, ಹಲ್ಲಿನ ನಡುವೆ ಗುಂಡುಸೂಜಿ, ಆಹಾರ ಬನ್ನು ಮತ್ತು ಟೀ. ಗಿರಾಕಿ ಹತ್ತಿರ ಬಂದರೆ "ನಾಳೆ ಬಾರಮ್ಮ, ಒಲ್ದು ಮಡಗಿರ್ತೀನಿ" ಎಂದು ಗುರುಗುಟ್ಟುತ್ತಿತ್ತು. ಆ ನಾಳೆಯನ್ನು ಕಂಡವರು ನಮ್ಮ ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯ ಲೈನುಮನೆಗಳಲ್ಲಿ ಯಾರೂ ಇರಲಿಲ್ಲ. ಮೊಹರಂ, ಅಂದರೆ ನಮ್ಮ ಬಾಯಲ್ಲಿ ಬಾಬಯ್ಯನ ಹಬ್ಬ, ಬಂದು ತಮಟೆ ಸದ್ದು ಕೇಳಿತೋ, ಅಂಗಡಿಗೆ ಬೀಗ. ಮೈತುಂಬ ಹಳದಿ ಬಣ್ಣ, ಕಪ್ಪು ಪಟ್ಟೆ, ಸೊಂಟಕ್ಕೊಂದು ಬಾಲ. ಅದು ನೆಗೆದರೆ ಗಂಡಸರೂ ಜಗಲಿ ಹತ್ತುತ್ತಿದ್ದರು. ನೆಲದ ಮೇಲಿನ ನಿಂಬೆಹಣ್ಣನ್ನು ಕೈ ಊರದೆ ಹಲ್ಲಿನಲ್ಲೇ ಕಚ್ಚಿ ಎತ್ತುತ್ತಿತ್ತು. ಅದೇನು ಕುಣಿತ… ಸಿಟ್ಟಿದ್ದರೂ ಸುಳ್ಳು ಹೇಳಬಾರದು.

ನನ್ನ ಮದುವೆ ಬಂಗಾರಪೇಟೆಯಲ್ಲಿ, ಗಂಡಿನ ಮನೆಯಲ್ಲಿ ನಡೆಸುವುದೆಂದು ನಿಶ್ಚಯವಾಯಿತು. ರವಿಕೆ ಕಣವನ್ನು ತಿಂಗಳ ಮೊದಲೇ ಕೊಟ್ಟಿದ್ದೆ. ಅಲೆದೂ ಅಲೆದೂ ಚಪ್ಪಲಿ ಸವೆಯಿತು. ಮರುದಿನ ಧಾರೆ, ಅಂದು ಮಧ್ಯಾಹ್ನದ ರೈಲಿಗೆ ಎಲ್ಲರೂ ಹೊರಡಬೇಕು. ಬೆಳಿಗ್ಗೆ ಹೋದರೆ ಬಾಬಯ್ಯನ ಹಬ್ಬವೆಂದು ಅಂಗಡಿಗೆ ಬೀಗ. ಅಂಗಡಿಯ ಹಿಂದಿನ ಮನೆಯ ಹಿತ್ತಲಿಗೇ ನುಗ್ಗಿದೆ. ಹುಲಿ ಎರಡೂ ಕೈಯಲ್ಲಿ ಕೋಲು ಊರಿಕೊಂಡು ತೋಳು ಚಾಚಿ ನಿಂತಿತ್ತು. ಬಣ್ಣ ಒಣಗುವ ತನಕ ಕೂರುವಂತಿಲ್ಲ, ಹಾಗಾಗಿ ಮಿಷನ್ ತುಳಿಯುವಂತೆಯೂ ಇಲ್ಲ. ನನ್ನ ರವಿಕೆಗೋ ತೋಳುಗಳನ್ನೇ ಕೂಡಿಸಿರಲಿಲ್ಲ.

ಬಾಯಿಗೆ ಬಂದಂತೆ ಬೈದೆ. "ಆಡಿದ ಮಾತಿಗೆ ನಿಲ್ದೋನು ನೀನ್ಯಾವ ಸೀಮೆ ಉಲಿ ಕಣಣ್ಣ? ನನ್ನ ಮಾನ ಕಳ್ದು ಕುಣೀಲಿಕ್ಕೆ ಓಗ್ತೀಯಾ?" ಎಂದುಬಿಟ್ಟೆ.

ಹುಲಿ ಗುರ್ರೆನ್ನಲಿಲ್ಲ. ಹೆಂಡತಿಯನ್ನು ಕರೆದು, ಅಂಗೈಯ ಬಣ್ಣ ಒರೆಸಲು ಸೀಮೆಎಣ್ಣೆ ಸುರಿಯೆಂದಿತು. ಆಕೆ ಬಾಟಲಿ ಹಿಡಿದು ಹಿಂದೆ ಸರಿದಳು.

"ಅಚ್ಚಿದ ಬಣ್ಣ ಬಾಬಯ್ಯನ್ನ ನೀರಿಗೆ ಬಿಡೋಗಂಟ ಒರಸ್ಬಾರ್ದು. ಮಗ ಉಳ್ದಿದ್ದಕ್ಕೆ ಒತ್ತ ಅರಕೆ ಇದು, ಕೆಡಿಸ್ಕಾಬ್ಯಾಡ."

"ಆ ತಾಯಿ ಮದ್ವೆನೂ ಒಂದೇ ಸಲ ಕಣೆ. ಸುರಿ" ಎಂದರು.

ಅಲ್ಲಿಂದ ಮುಂದೆ ಅವರನ್ನು 'ಅದು' ಎನ್ನಲು ನನಗೆ ಬಾಯಿ ಬರುವುದಿಲ್ಲ. ಬೇಡ ಅಣ್ಣ, ಅನ್ನಬಹುದಿತ್ತು. ಅನ್ನಲಿಲ್ಲ. ರೈಲಿನ ಹೊತ್ತನ್ನೇ ಎಣಿಸುತ್ತಾ ನಿಂತೆ. ಅವರು ಕಿಟಕಿಯ ಬೆಳಕಿಗೆ ನಿಂತುಕೊಂಡು ಕೈಯಲ್ಲೇ ಎರಡೂ ತೋಳು ಹೊಲಿದರು. ತಮಟೆಯವರು ಬಂದು ಕರೆದರು, ಕಾದರು, ಕೊನೆಗೆ ಅವರನ್ನು ಬಿಟ್ಟೇ ಹೊರಟರು. ಸದ್ದು ಬೀದಿ ತಿರುಗಿ ದೂರವಾಯಿತು. ರೈಲಿನಲ್ಲಿ ತೋಳಿನ ಹಳದಿ ಕಲೆ ಕಂಡು, ಬಂಗಾರಪೇಟೆಯವರೆಗೂ ಅವರಿಗೆ ಶಾಪ ಹಾಕುತ್ತಲೇ ಹೋದೆ.

ಮರುವರ್ಷ ಬಾಣಂತನಕ್ಕೆ ತವರಿಗೆ ಬಂದಾಗ ಮಗುವಿಗೆ ಅಂಗಿ ಹೊಲಿಯಲು ಕೊಟ್ಟೆ. ಗುರುವಾರ ಎಂದರು, ಗುರುವಾರವೇ ಕೊಟ್ಟರು. ಅವರ ಮಗ ಮೆಟ್ಟಿಲ ಮೇಲೆ ಬಟ್ಟೆ ಚೂರು ಆಯುತ್ತಾ ಚೆನ್ನಾಗಿಯೇ ಇದ್ದ. ಆಗಲೂ ಬಾಬಯ್ಯನ ಹಬ್ಬ. ತಮಟೆ ಅಂಗಡಿಯ ಮುಂದೆಯೇ ಹಾದುಹೋಯಿತು. ಅವರು ಮಿಷನ್ ತುಳಿಯುತ್ತಲೇ ಇದ್ದರು.

"ಈ ಸಲ ವೇಸ ಇಲ್ವಾ ಅಣ್ಣ?"

"ಒರಸ್ಕಂಡೋನು ಮತ್ತೆ ಅಚ್ಕಳೋ ಅಂಗಿಲ್ಲ ತಾಯಿ."

ತಪ್ಪಾಯಿತು ಎನ್ನುವ ಬದಲು ಗುಂಡಿ ಗಟ್ಟಿಯಿದೆಯಾ ಎಂದು ಕೇಳಿ ಬಂದುಬಿಟ್ಟೆ.

ಈಗ ಆ ಅಂಗಡಿಯಿಲ್ಲ, ಅವರೂ ಇಲ್ಲ. ಹೊತ್ತಿಗೆ ಸರಿಯಾಗಿ ಹೊಲಿದಿದ್ದರೆ ಇದೆಲ್ಲ ಯಾಕೆ ಬೇಕಿತ್ತು ಎಂದು ಇವತ್ತೂ ಅವರ ಮೇಲೆ ಸಿಡುಕುತ್ತೇನೆ. ಒಂದು ಸಲವಾದರೂ ನನ್ನ ಮೇಲೆ ಗರ್ಜಿಸಬಾರದಿತ್ತೇ… ರವಿಕೆಯ ತೋಳು ಹಿಡಿದು ಜಗ್ಗಿ ನೋಡಿದೆ. ನಿಂತು ಹಾಕಿದ ಹೊಲಿಗೆ, ಒಂದೂ ಬಿಟ್ಟಿಲ್ಲ.